ಗಾಯ ನಮ್ಮದು, ವಕಾಲತ್ತು ಯಾರದು?

ಮಂಡ್ಯ ಬಿಟ್ಟು ಮೈಸೂರಿನ ಕಡೆಗೆ ಹೊರಡುವ ಪ್ಯಾಸೆಂಜರ್ ರೈಲಿಗೆ ಮುಂದಿನ ನಿಲ್ದಾಣ ಯಲಿಯೂರು. ಸುತ್ತ ಕಬ್ಬಿನ ಗದ್ದೆಗಳು, ಅಲ್ಲಲ್ಲಿ ಹೊಗೆಯಾಡುವ ಆಲೆಮನೆಗಳು. ರೈಲಿಗಿಂತ ಈ ಸೀಮೆಯ ಬದುಕನ್ನು ಹೆಚ್ಚು ಅಲುಗಾಡಿಸಿರುವುದು ಬೆಂಗಳೂರು–ಮೈಸೂರು ರಸ್ತೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲವೆಂದಾಯಿತು. ಊರಿನವರ ಎತ್ತಿನಗಾಡಿ, ಹಾಲಿನ ಕ್ಯಾನು ಹೊತ್ತ ಮೊಪೆಡ್ಡು, ಕಬ್ಬು ತುಂಬಿದ ಟ್ರೈಲರು ಎಲ್ಲ ಪಕ್ಕದ ರಸ್ತೆಗೆ ಸರಿದವು. ಅವಸರದ ಕಾರುಗಳು ಪಕ್ಕದ ರಸ್ತೆಗೂ ಇಳಿಯುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆ ಇಳಿದ ಒಂದು ಕಾರು ನಮ್ಮ ಪರಿಚಯದವರೊಬ್ಬರ ಮೊಪೆಡ್ಡಿಗೆ ಬಡಿಯಿತು. ಅವರು ಆಲೆಮನೆಯಲ್ಲಿ ಪಾಕ ನೋಡುವ ಕೆಲಸದವರು. ವಯಸ್ಸು 38. ಬಲಗೈಯ ಮೂಳೆ ಎರಡು ಕಡೆ ಮುರಿದು, ಭುಜದ ಕೀಲು ಜಾರಿ, ಒಳಗೆ ರಾಡು ಹಾಕಿದರು. ನಮ್ಮ ಸ್ನೇಹಿತರೊಬ್ಬರಿಗೆ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ. ಆ ಮೂಲಕ ಪರಿಚಯವಾದ ಮನೆ ಇದು. ನಾವು ನೋಡಲು ಹೋದಾಗ ಗಾಯಾಳು ಮಂಚದ ಮೇಲೆ ಕುಳಿತಿದ್ದರು. ಹೊರಗೆ ಜಗಲಿಯ ಮೇಲಿದ್ದ ನೆರೆಯವರು ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದ ಮೊದಲ ಪ್ರಶ್ನೆ ‘ನೋವು ಹೇಗಿದೆ’ ಎಂದಲ್ಲ. ‘ಕೇಸ್ ಯಾರ್ಗ್ ಕೊಟ್ರಿ?’ ಎಂಬುದು.

ಮೊದಲಿಗೆ ನಮಗೆ ಇದು ಒರಟು ಮಾತೆನಿಸಿತು. ಆಮೇಲೆ ಯೋಚಿಸಿದಾಗ, ಊರಿನವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ ಅನ್ನಿಸಿತು. ಮೂಳೆ ಕೂಡಿಸುವುದು ವೈದ್ಯರ ಕೈಯಲ್ಲಿದೆ. ಕೂಡಿದ ಮೇಲೂ ಮೊದಲಿನಂತಾಗದ ಕೈಯನ್ನಿಟ್ಟುಕೊಂಡು ಮುಂದಿನ ಇಪ್ಪತ್ತು ವರ್ಷ ಮನೆ ನಡೆಯುವುದು ಹೇಗೆ ಎಂಬುದು ಇನ್ನೊಬ್ಬರ ಕೈಯಲ್ಲಿದೆ. ಆ ಇನ್ನೊಬ್ಬರು ಯಾರಾಗಬೇಕು? ಇದನ್ನು ಕಾನೂನಿನ ಪ್ರಶ್ನೆಯೆಂದೋ ದುಡ್ಡಿನ ಪ್ರಶ್ನೆಯೆಂದೋ ನಾವು ಪಕ್ಕಕ್ಕಿಡುತ್ತೇವೆ. ನಮ್ಮ ಮಟ್ಟಿಗೆ ಇದು ಮೊದಲು ನೈತಿಕ ಪ್ರಶ್ನೆ.

ಆ ಮನೆಯಲ್ಲಿ ಕೇಸು ‘ಕೊಟ್ಟ’ ಬಗೆಯನ್ನು ಹೇಳಬೇಕು. ಅಪಘಾತವಾದ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದುಕೊಟ್ಟವನು ಒಬ್ಬ. ಸ್ಕ್ಯಾನಿಗೆ ದುಡ್ಡು ಸಾಲದಾದಾಗ 2,800 ರೂಪಾಯಿ ಕೈಯಿಂದ ಕಟ್ಟಿದವನೂ ಅವನೇ. ಬೆಳಗಿನ ಜಾವ ಗಾಯಾಳುವಿನ ಹೆಂಡತಿಗೆ ಟೀ ಮತ್ತು ಬನ್ನು ತಂದುಕೊಟ್ಟ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗುವವರೆಗೆ ಓಡಾಡಿದ. ಮೂರನೆಯ ದಿನ ನಾಲ್ಕು ಹಾಳೆ ತಂದು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಎರಡು ಹಾಳೆಗಳಲ್ಲಿ ಏನೂ ಬರೆದಿರಲಿಲ್ಲ. ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತೈದು ಅವನಿಗೆ, ಈಗ ಒಂದು ಪೈಸೆಯೂ ಬೇಡ. ಅವನು ವಕೀಲನಲ್ಲ, ವಕೀಲರಿಗೆ ಕೇಸು ತಲುಪಿಸುವವನು.

‘ಗೊತ್ತಿಲ್ಲದೋರ್ಗೆ ಯಾಕವ್ವ ಕೊಟ್ಬುಟ್ರಿ?’ ಎಂದು ನಮ್ಮ ಸ್ನೇಹಿತರು ಕೇಳಿದಾಗ ಆ ಹೆಣ್ಣುಮಗಳು ಹೇಳಿದ್ದು ಇಷ್ಟು: ‘ಕಷ್ಟಕ್ಕೆ ಆದೋರು ಸಾಬ್ರೇ. ಅವತ್ತು ರಾತ್ರಿ ನಮ್ ನೆಂಟ್ರು ಒಬ್ರೂ ಇರ್ನಿಲ್ಲ. ಅವ್ರಿಗೆ ಕೊಡ್ದೆ ಇನ್ಯಾರ್ಗ್ ಕೊಡಾದು?’

ಈ ಉತ್ತರವನ್ನು ಹಗುರಾಗಿ ತಳ್ಳಿಹಾಕಬಾರದು. ಇದರಲ್ಲಿ ಋಣದ ಪ್ರಜ್ಞೆ ಇದೆ. ನಮ್ಮ ಹಳ್ಳಿಗಳು ಇಷ್ಟು ಕಾಲ ಉಳಿದಿರುವುದು ಇಂಥ ಪ್ರಜ್ಞೆಯಿಂದಲೇ. ಉಪಕಾರ ಮಾಡಿದವನಿಗೆ ಬೆನ್ನು ತೋರಿಸಬಾರದೆಂದು ಆಕೆ ಕಲಿತಿದ್ದಾಳೆ. ಆದರೆ ಋಣ ತೀರಿಸುವುದೂ ವಕಾಲತ್ತು ಕೊಡುವುದೂ ಒಂದೇ ಅಲ್ಲ. 2,800 ರೂಪಾಯಿಯ ಋಣವನ್ನು 2,800 ರೂಪಾಯಿ ಕೊಟ್ಟು, ಜೊತೆಗೆ ಒಂದು ಊಟ ಹಾಕಿ, ಬದುಕಿರುವವರೆಗೆ ನೆನೆದು ತೀರಿಸಬಹುದು. ಗಂಡನ ಬಲಗೈಯ ನಾಲ್ಕನೆಯ ಒಂದು ಭಾಗವನ್ನು ಕೊಟ್ಟು ತೀರಿಸಬೇಕಿಲ್ಲ. ಮೊದಲ ಎರಡು ದಿನಗಳಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ, ಮನುಷ್ಯನ ಕೃತಜ್ಞತೆ ಬಹಳ ಅಗ್ಗಕ್ಕೆ ಸಿಗುತ್ತದೆ. ಅದು ಯಾರಿಗೆ ಗೊತ್ತಿದೆಯೋ ಅವರು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾರೆ.

ಕೊಡುವುದು ಏನನ್ನು? ವಕೀಲ, ವಕಾಲತ್ತು, ಅರ್ಜಿ, ಜಾಮೀನು, ಅಮಾನತು: ನಮ್ಮ ಕೋರ್ಟು ಕಚೇರಿಗಳ ಕನ್ನಡದಲ್ಲಿ ಹೀಗೆ ಅರಬಿ, ಪಾರಸಿಯಿಂದ ಬಂದ ಮಾತುಗಳು ತುಂಬಿವೆ. ವಕೀಲ ಎಂದರೆ ನಮ್ಮ ಪರವಾಗಿ ನಿಲ್ಲಲು ನಾವು ಒಪ್ಪಿಸಿಕೊಟ್ಟವನು. ಅಮಾನತು ಎಂದರೆ ನಂಬಿ ಇನ್ನೊಬ್ಬನ ಬಳಿ ಇಟ್ಟದ್ದು, ಕೇಳಿದಾಗ ಇಟ್ಟಂತೆಯೇ ಹಿಂದಿರುಗಿಸಬೇಕಾದ್ದು. (ಇಂದಿನ ಪತ್ರಿಕೆಗಳಲ್ಲಿ ಅಮಾನತು ಎಂದರೆ ಅಧಿಕಾರಿಯನ್ನು ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಡುವುದು. ನಂಬಿಕೆಯ ಮಾತು ಅಪನಂಬಿಕೆಯ ಮಾತಾದ ಕತೆಯನ್ನು ಭಾಷಾಶಾಸ್ತ್ರಜ್ಞರು ಯಾರಾದರೂ ಬರೆಯಬೇಕು.) ವಕಾಲತ್ತಿನ ಹಾಳೆಗೆ ಸಹಿ ಹಾಕಿದ ಕ್ಷಣದಿಂದ ಅವರು ಕೋರ್ಟಿನಲ್ಲಿ ಆಡುವ ಮಾತು ನಮ್ಮ ಮಾತಾಗುತ್ತದೆ. ಅವರು ಒಪ್ಪಿದರೆ ನಾವು ಒಪ್ಪಿದಂತೆ. ಅವರು ಸುಳ್ಳು ಬರೆದರೆ ಆ ಸುಳ್ಳಿನ ಕೆಳಗೆ ಇರುವುದು ನಮ್ಮ ಹೆಬ್ಬೆಟ್ಟು.

ಯಲಿಯೂರಿನ ಕೇಸಿನಲ್ಲಿ ಸುಳ್ಳು ಬಹಳ ಬೇಗ ಬಂತು. ಆಲೆಮನೆ ಕೂಲಿಯೆಂದರೆ ಕೋರ್ಟಿನಲ್ಲಿ ಹೆಚ್ಚು ಸಿಗುವುದಿಲ್ಲ, ಗಾರೆ ಮೇಸ್ತ್ರಿ ಎಂದು ಬರೆಸೋಣ, ತಿಂಗಳಿಗೆ 30,000 ಆದಾಯ ಎನ್ನೋಣ, ಒಬ್ಬ ಕಂಟ್ರ್ಯಾಕ್ಟರ್ ಸರ್ಟಿಫಿಕೇಟ್ ಕೊಡುತ್ತಾನೆ ಎಂದು ಆ ಮಧ್ಯಸ್ಥ ಹೇಳಿದ್ದ. ಗಾಯಾಳು ನಮ್ಮ ಮುಂದೆ ಇದನ್ನು ಹೇಳುವಾಗ ತಲೆ ತಗ್ಗಿಸಿದರು. ‘ನಾ ಕರಣೆ ಮುಟ್ದೋನಲ್ಲ ಸಾಬ್ರೇ. ಕಟಕಟೆ ಹತ್ಸಿ ಗಾರೆಗೆ ಎಷ್ಟ್ ಮರಳು ಎಷ್ಟ್ ಸಿಮೆಂಟು ಅಂತ ಕೇಳ್ಬುಟ್ರೆ?’

ಅವರ ಭಯ ಸರಿಯಾದದ್ದೇ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳುವುದೇ ಇಂಥದ್ದನ್ನು. ಒಂದು ಸುಳ್ಳು ಬಯಲಾದರೆ ಉಳಿದ ನಿಜಗಳಿಗೂ ಮಸಿ ಹತ್ತುತ್ತದೆ. ಇಂಥದ್ದು ಒಂದು ಊರಿನ ಕತೆಯಲ್ಲ. ಉತ್ತರ ಪ್ರದೇಶದ ಸುಳ್ಳು ಅಪಘಾತ ಕ್ಲೇಮುಗಳ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಅದರಲ್ಲಿ ವಕೀಲರ ಹೆಸರುಗಳೂ ಇದ್ದವು.

ನಮ್ಮನ್ನು ಹೆಚ್ಚು ಕಾಡಿದ್ದು ಬೇರೊಂದು. ಆ ಸುಳ್ಳು ಬೇಕಾಗಿಯೇ ಇರಲಿಲ್ಲ. ಇದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು, ಓದುಗರು ಸಹಿಸಿಕೊಳ್ಳಬೇಕು.

ಕೈ ಮುರಿದವರನ್ನು ಪರೀಕ್ಷಿಸಿದ ವೈದ್ಯರು ಆ ಕೈಯ ಅಂಗವೈಕಲ್ಯ ಶೇಕಡಾ ಇಷ್ಟು ಎಂದು ಹೇಳುತ್ತಾರೆ. 30 ಎಂದರೆನ್ನಿ. ಅದರ ಮೂರನೆಯ ಒಂದು ಭಾಗ, ಅಂದರೆ 10, ಇಡೀ ದೇಹದ ನಷ್ಟವೆಂದು ಲೆಕ್ಕ ಹಿಡಿಯುವುದು ನಮ್ಮ ಕಡೆಯ ನ್ಯಾಯಮಂಡಳಿಗಳಲ್ಲಿ ರೂಢಿ. ತಿಂಗಳ ದುಡಿಮೆ 15,000 ಎಂದಿಟ್ಟುಕೊಂಡರೆ ವರ್ಷಕ್ಕೆ 1,80,000. ವಯಸ್ಸಿಗೆ ತಕ್ಕ ಗುಣಕವನ್ನು ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಪಡಿಸಿದೆ. 36ರಿಂದ 40 ವಯಸ್ಸಿಗೆ ಅದು 15. ಗುಣಿಸಿದರೆ 27 ಲಕ್ಷ. ಅದರಲ್ಲಿ ಶೇಕಡಾ 10 ಎಂದರೆ 2,70,000. ಆಸ್ಪತ್ರೆ ಖರ್ಚು, ನೋವು, ಮುಂದಿನ ಆದಾಯದ ಹೆಚ್ಚಳ ಇವೆಲ್ಲ ಬೇರೆ. ಅವನ್ನು ಇಲ್ಲಿ ಬಿಟ್ಟಿದ್ದೇವೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಬಾರದು ಎಂದು ಅದೇ ಸುಪ್ರೀಂ ಕೋರ್ಟು 2010ರ ಅಕ್ಟೋಬರ್‌ನಲ್ಲಿ ವಿವರವಾಗಿ ಹೇಳಿತು. ದೇಹಕ್ಕೆ ಎಷ್ಟು ಊನ ಎಂಬುದು ಒಂದು, ಆ ಊನದಿಂದ ದುಡಿಮೆಗೆ ಎಷ್ಟು ಏಟು ಎಂಬುದು ಇನ್ನೊಂದು. ಎಡಗೈ ಕಳೆದುಕೊಂಡ ಮನುಷ್ಯ ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಬಹುಪಾಲು ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು ಎಂಬ ಉದಾಹರಣೆಯನ್ನು ಆ ತೀರ್ಪು ಕೊಡುತ್ತದೆ.

ಈಗ ಆಲೆಮನೆಗೆ ಬನ್ನಿ. ಕುದಿಯುವ ಪಾಕವನ್ನು ಹದ ನೋಡಿ, ಕ್ಷಣ ತಡಮಾಡದೆ ಕೊಪ್ಪರಿಗೆಯಿಂದ ಇಳಿಸಬೇಕು. ಭುಜ ಮಟ್ಟಕ್ಕಿಂತ ಮೇಲೆ ಏಳದ ಕೈಯಲ್ಲಿ ಆ ಕೆಲಸ ಮಾಡಲು ಹೋದರೆ ಪಾಕ ಕೆಡುತ್ತದೆ, ಇಲ್ಲವೇ ಮನುಷ್ಯ ಬೇಯುತ್ತಾನೆ. ಕಾಗದದ ಮೇಲಿನ ಶೇಕಡಾ 10 ಇವರ ಬದುಕಿನಲ್ಲಿ 10 ಅಲ್ಲ. ನ್ಯಾಯಮಂಡಳಿ ಅದನ್ನು 40 ಎಂದು ಒಪ್ಪಿದರೂ 10,80,000 ಆಗುತ್ತದೆ. ವ್ಯತ್ಯಾಸ 8,10,000 ರೂಪಾಯಿ. ಗಾರೆ ಮೇಸ್ತ್ರಿ, 30,000 ಎಂಬ ಸುಳ್ಳನ್ನು ನ್ಯಾಯಮಂಡಳಿ ಪೂರ್ತಿ ನಂಬಿ, 10ನ್ನು 10ಕ್ಕೇ ಬಿಟ್ಟಿದ್ದರೆ ಸಿಗುತ್ತಿದ್ದದ್ದು 5,40,000. ಅಂದರೆ ಈ ಮನುಷ್ಯನ ನಿಜ ಆತನ ಸುಳ್ಳಿಗಿಂತ ಹೆಚ್ಚು ಬೆಲೆಬಾಳುತ್ತಿತ್ತು. ಆದರೆ ನಿಜ ಹೇಳಿಸಲು ಯಾರಾದರೂ ಆಲೆಮನೆಗೆ ಹೋಗಿ ನಿಂತು ನೋಡಬೇಕು, ಮಾಲೀಕನನ್ನು ಸಾಕ್ಷಿಗೆ ಕರೆಸಬೇಕು, ವೈದ್ಯರ ಬಾಯಿಂದ ‘ಈ ಕೈಯಲ್ಲಿ ಆ ಕೆಲಸ ಆಗದು’ ಎಂದು ಹೇಳಿಸಬೇಕು. ಸುಳ್ಳಿಗೆ ಒಂದು ಸರ್ಟಿಫಿಕೇಟು ಸಾಕು. ನೂರು ಫೈಲು ಹಿಡಿದವನಿಗೆ ಯಾವುದು ಸಲೀಸು ಎಂಬುದು ಸ್ಪಷ್ಟ.

ಪಾಲಿನ ಒಪ್ಪಂದದ ಬಗ್ಗೆ ಎರಡು ಮಾತು. ಗೆದ್ದರೆ ಇಷ್ಟು ಪಾಲು ಎಂಬ ಷರತ್ತಿನ ಮೇಲೆ ವಕೀಲರು ಶುಲ್ಕ ಗೊತ್ತುಮಾಡಿಕೊಳ್ಳಬಾರದು, ಬಂದ ಮೊತ್ತದಲ್ಲಿ ಪಾಲು ಕೇಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಜಾಹೀರಾತಿನಿಂದಾಗಲಿ ದಲ್ಲಾಳಿಗಳಿಂದಾಗಲಿ ಕೇಸು ಹುಡುಕಬಾರದೆಂಬ ನಿಯಮವೂ ಇದೆ. 2023ರಲ್ಲಿ ವಕೀಲರ ಕಾಯ್ದೆಗೆ ತಿದ್ದುಪಡಿ ತಂದು, ಕೋರ್ಟು ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರೂ ಸೇರಿದಂತೆ ಹಲವರಿಗೆ ಕೊಡಲಾಯಿತು. ಇದನ್ನೆಲ್ಲ ಓದಿ ‘ನಿಯಮ ಮುರಿದರು’ ಎಂದು ಬೆರಳು ತೋರಿಸುವುದು ಸುಲಭ. ಆದರೆ ಕೈಯಲ್ಲಿ ಕಾಸಿಲ್ಲದ ಕೂಲಿಯವನಿಗೆ ಮುಂಗಡ ಶುಲ್ಕ ಕೇಳದ ಬಾಗಿಲು ಬೇರೆ ಯಾವುದು ಕಾಣುತ್ತದೆ? ಅಮೆರಿಕದಲ್ಲಿ ಈ ಪಾಲಿನ ಪದ್ಧತಿ ಕಾನೂನುಬದ್ಧ. ಮೂರನೆಯ ಒಂದು ಭಾಗ ವಕೀಲರಿಗೆ ಹೋಗುವುದು ಅಲ್ಲಿ ಸಾಮಾನ್ಯ, ಬಡವನಿಗೆ ನ್ಯಾಯದ ಕೀಲಿಕೈ ಅದೇ ಎಂದು ಸಮರ್ಥಿಸುವವರು ಇದ್ದಾರೆ. ಇಂಗ್ಲೆಂಡಿನಲ್ಲಿ ಸೋತರೆ ಶುಲ್ಕವಿಲ್ಲ ಎಂಬ ಒಪ್ಪಂದಗಳು 1995ರಿಂದ ನಡೆದವು. ಆದರೆ ಗಾಯಾಳುಗಳ ಕೇಸನ್ನು ತಲುಪಿಸಿಕೊಟ್ಟವರಿಗೆ ಕಮಿಷನ್ ಕೊಡುವುದನ್ನು 2013ರಲ್ಲಿ ನಿಷೇಧಿಸಬೇಕಾಯಿತು. ಮನುಷ್ಯ ಸ್ವಭಾವ ಮಂಡ್ಯದಲ್ಲೂ ಮ್ಯಾಂಚೆಸ್ಟರಿನಲ್ಲೂ ಒಂದೇ ಇರಬೇಕು.

ಪಾಲಿನ ತೊಡಕು ಅದು ದುಬಾರಿ ಎಂಬುದಷ್ಟೇ ಅಲ್ಲ. ನೂರು ಫೈಲು ಇರುವವನಿಗೆ ಒಂದೊಂದರಲ್ಲೂ ಇಂದೇ ಸಿಗುವ ಮೂರು ಲಕ್ಷದ ಕಾಲು ಭಾಗ, ನಾಲ್ಕು ವರ್ಷ ದುಡಿದು ಪಡೆಯುವ ಹತ್ತು ಲಕ್ಷದ ಕಾಲು ಭಾಗಕ್ಕಿಂತ ಲಾಭ. ಕೈ ಕಳೆದುಕೊಂಡವನಿಗೆ ಹಾಗಲ್ಲ, ಅವನ ಬಳಿ ಇರುವುದು ಒಂದೇ ಫೈಲು. ಅದಕ್ಕಾಗಿಯೇ ಲೋಕ ಅದಾಲತ್ತಿನಲ್ಲಿ ‘ಒಪ್ಪಿಕೊಂಡುಬಿಡಿ’ ಎಂಬ ಮಾತು ಯಾರ ಬಾಯಿಂದ ಬರುತ್ತಿದೆ, ಯಾಕೆ ಬರುತ್ತಿದೆ ಎಂದು ಕೇಳಬೇಕು. ಅದಾಲತ್ತು ಕೆಟ್ಟದ್ದಲ್ಲ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎನ್ನುವ ನಾಡಿನಲ್ಲಿ ಬೇಗ ಮುಗಿಯುವುದೂ ಒಂದು ಭಾಗ್ಯ. ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ. ಆ ಮಾತನ್ನು ಹೆಬ್ಬೆಟ್ಟಿಗೆ ಮೊದಲು ಹೇಳುವವರು ಒಬ್ಬರು, ಆಮೇಲೆ ಹೇಳುವವರು ಒಬ್ಬರು.

ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ 1891ರಲ್ಲಿ ಮರಳಿದ ಅವರು ಮುಂಬೈಯಲ್ಲಿ ವಕೀಲಿ ಶುರುಮಾಡಿದರು. ದಲ್ಲಾಳಿಗೆ ಕಮಿಷನ್ ಕೊಡಬೇಕೆಂದು ಹೇಳಿದವರಿದ್ದರು. ಅವರು ಕೊಡಲಿಲ್ಲ. ಆದರೂ ಮಮೀಬಾಯಿ ಎಂಬವರ ಒಂದು ಸಣ್ಣ ಮೊಕದ್ದಮೆ ಸಿಕ್ಕಿತು, ಶುಲ್ಕ 30 ರೂಪಾಯಿ. ಲಘುವ್ಯಾಜ್ಯ ನ್ಯಾಯಾಲಯದಲ್ಲಿ ಪಾಟೀ ಸವಾಲಿಗೆ ಎದ್ದು ನಿಂತರೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ತಲೆ ತಿರುಗಿತು. ಕುಳಿತು, ಕಕ್ಷಿದಾರರ ಕಡೆಯವನಿಗೆ ‘ಇದು ನನ್ನಿಂದಾಗದು, ಪಟೇಲರನ್ನು ಹಿಡಿಯಿರಿ’ ಎಂದು ಹೇಳಿ ಶುಲ್ಕ ಹಿಂದಿರುಗಿಸಿದರು. ಪಟೇಲರು 51 ರೂಪಾಯಿ ತೆಗೆದುಕೊಂಡು ನಡೆಸಿಕೊಟ್ಟರು. ಇದನ್ನು ಮಹಾತ್ಮರ ನಾಚಿಕೆ ಸ್ವಭಾವದ ಕತೆಯಾಗಿ ಎಲ್ಲರೂ ಹೇಳುತ್ತಾರೆ. ನಾವು ಇದನ್ನು ಮಮೀಬಾಯಿಯವರ ಕಡೆಯಿಂದ ನೋಡುತ್ತೇವೆ. ಆಕೆಗೆ ಸಿಕ್ಕ ವಕೀಲ ಮಾತು ಬಾರದವನು, ಆದರೆ ತನಗೆ ಮಾತು ಬಾರದೆಂದು ಹೇಳಿ ಆಕೆಯ ಕೇಸನ್ನು ಉಳಿಸಿದವನು. ಆಕೆಗೆ 21 ರೂಪಾಯಿ ಹೆಚ್ಚು ಖರ್ಚಾಯಿತು, ಅಷ್ಟೆ.

ಅದೇ ಆತ್ಮಕಥೆಯ ಮುಂದಿನ ಪುಟಗಳಲ್ಲಿ, ರಾಜಕೋಟೆಗೆ ಹೋದ ಮೇಲೆ ಕಮಿಷನ್ ವಿಷಯದಲ್ಲಿ ಅಣ್ಣನ ಮಾತಿಗೆ ಮಣಿದು ರಾಜಿ ಮಾಡಿಕೊಂಡದ್ದನ್ನೂ ಅವರು ಒಪ್ಪಿಕೊಂಡಿದ್ದಾರೆ. ಗಾಂಧೀಜಿಯವರಿಗೇ ಕಷ್ಟವಾದದ್ದು ಜಿಲ್ಲಾ ಕೋರ್ಟಿನ ಯುವ ವಕೀಲರಿಗೆ ಎಷ್ಟು ಕಷ್ಟವಾಗಬೇಡ.

ಹಾಗಾದರೆ ‘ನಮ್ಮೋರಿಗೆ’ ಕೊಡಬಹುದಲ್ಲ? ಈ ಪ್ರಶ್ನೆಯೂ ಆ ಜಗಲಿಯ ಮೇಲೆ ಬಂತು. ಒಬ್ಬರು ತಮ್ಮ ಜಾತಿಯ ವಕೀಲರ ಹೆಸರು ಹೇಳಿದರು, ಇನ್ನೊಬ್ಬರು ತಮ್ಮ ಪಕ್ಷದವರದ್ದು. ನಮ್ಮ ಸಮುದಾಯದಲ್ಲೂ ಹೀಗೆಯೇ. ಮಸೀದಿಯ ಮುಂದೆ ನಿಂತು ‘ನಮ್ಮವರೇ ಇದ್ದಾರಲ್ಲ’ ಎನ್ನುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಇದರ ಹಿಂದೆ ಸುಳ್ಳಲ್ಲದ ಒಂದು ಅನುಭವವಿದೆ. ಪರಕೀಯ ಕಟ್ಟಡದಲ್ಲಿ ನಮ್ಮ ಮಾತು ತಿಳಿಯುವ ಒಂದು ಮುಖ ಬೇಕೆನಿಸುತ್ತದೆ. ಆದರೆ ‘ನಮ್ಮವರು’ ಎಂಬ ಸಂಕೋಚವೇ ಪ್ರಶ್ನೆ ಕೇಳುವ ಬಾಯಿಯನ್ನು ಕಟ್ಟುತ್ತದೆ. ರಶೀದಿ ಕೇಳಿದರೆ ಬೇಜಾರು, ಮುಂದಿನ ತಾರೀಖು ಯಾವಾಗ ಎಂದರೆ ಬೇಜಾರು, ಎಷ್ಟು ಬಂತು ಎಂದರೆ ಅಪನಂಬಿಕೆ. ರಶೀದಿ ಕೇಳಲಾಗದ ಸಂಬಂಧದಲ್ಲಿ ಕೇಸು ಇಡುವುದಕ್ಕಿಂತ ಗುರುತಿಲ್ಲದವರ ಬಳಿ ಇಡುವುದು ಮೇಲು.

ಪರಿಹಾರ ಕೇಳುವುದೇ ಸರಿಯೋ ಎಂದು ಅನುಮಾನಿಸುವ ಹಿರಿಯರೂ ಇದ್ದಾರೆ. ‘ಗಾಯದ ಮೇಲಿನ ದುಡ್ಡು ದಕ್ಕಲ್ಲ’ ಎನ್ನುತ್ತಾರೆ. ಇದಕ್ಕೆ ‘ಪರಿಹಾರ’ ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸುವುದು ಒಂದು ಕಾರಣ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಸರ್ಕಾರ ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ಪ್ರಕಟಿಸಿತು. ಅದು ಸರ್ಕಾರದ ಅನುಕಂಪ. ಮೋಟಾರು ವಾಹನ ಕಾಯ್ದೆಯಡಿ ಕೇಳುವುದು ಅನುಕಂಪವಲ್ಲ, ನಷ್ಟಕ್ಕೆ ಕಾರಣರಾದವರಿಂದ ಬರಬೇಕಾದ ಬಾಕಿ. ಬಾಕಿ ಕೇಳುವವನು ಕೈಚಾಚಿ ನಿಲ್ಲಬೇಕಾಗಿಲ್ಲ. ಬಾಕಿ ಬಿಟ್ಟುಕೊಡುವ ಹಕ್ಕೂ ಅವನದೇ. ಕ್ಷಮಿಸುವುದಿದ್ದರೆ ಗಾಯಗೊಂಡವನು ಕ್ಷಮಿಸಬೇಕು. ರಸ್ತೆಯಲ್ಲೇ ಇಪ್ಪತ್ತು ಸಾವಿರಕ್ಕೆ ಪಂಚಾಯಿತಿ ಮುಗಿಸಿ ‘ಹೋಗ್ಲಿ ಬುಡಿ’ ಎನ್ನುವ ಮುಖಂಡರಿಗೆ ಆ ಹಕ್ಕನ್ನು ಯಾರೂ ಕೊಟ್ಟಿಲ್ಲ.

ಕಾನೂನು ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ತನಿಖೆ ಮಾಡುವ ಪೊಲೀಸ್ ಅಧಿಕಾರಿಯೇ ಅಪಘಾತದ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು. ಗಾಯಾಳುವಿಗೆ ಅವನ ಹಕ್ಕುಗಳನ್ನು ತಿಳಿಸಬೇಕು. ಅದನ್ನು ಪಾಲಿಸಬೇಕೆಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿದೆ. ಅಂದರೆ ಠಾಣೆಯ ಕಾಗದ ತೆಗೆಸಿಕೊಡುವುದೇ ದೊಡ್ಡ ಉಪಕಾರ ಎಂಬಂತೆ ಯಾರೂ ನಡೆದುಕೊಳ್ಳಬೇಕಿಲ್ಲ. ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟರು, ಕಡಿಮೆ ಆದಾಯದವರು ಮೊದಲಾದವರಿಗೆ 1987ರ ಕಾಯ್ದೆಯಡಿ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಅದರ ಕಚೇರಿ ಇದೆ, 15100 ಎಂಬ ದೂರವಾಣಿ ಇದೆ. ಸರ್ಕಾರದಿಂದ ಸಿಗುವ ವಕೀಲರು ಸರಿಯಾಗಿ ನಡೆಸುವುದಿಲ್ಲ ಎಂಬ ಗುಮಾನಿ ಹಳ್ಳಿಗಳಲ್ಲಿ ಬಲವಾಗಿದೆ. ದುಡ್ಡು ಕೊಟ್ಟು ಹಿಡಿದವರು ಎಲ್ಲರೂ ಸರಿಯಾಗಿ ನಡೆಸುತ್ತಾರೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹೆಬ್ಬೆಟ್ಟು ಒತ್ತಿಯಾದ ಮೇಲೆ ದಾರಿ ಮುಚ್ಚಿತು ಎಂದು ಆ ದಂಪತಿ ತಿಳಿದಿದ್ದರು. ಅದೂ ನಿಜವಲ್ಲ. ವಕೀಲರನ್ನು ಬದಲಾಯಿಸುವುದು ಕಕ್ಷಿದಾರನ ಹಕ್ಕು. ಶುಲ್ಕ ಬಾಕಿ ಇದೆ ಎಂಬ ಕಾರಣಕ್ಕೆ ಫೈಲು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಇದನ್ನು ಅವರಿಗೆ ತಿಳಿಸಿ ನಾವು ಸುಮ್ಮನಾದೆವು. ಇಂಥವರಿಗೇ ಕೊಡಿ ಎಂದು ಹೇಳಿದ್ದರೆ ಜಗಲಿಯ ಮೇಲಿನ ಇನ್ನೊಬ್ಬ ಮುಖಂಡರಾಗುತ್ತಿದ್ದೆವು.

ಎರಡು ತಿಂಗಳ ಮೇಲೆ ಅವರೇ ಮಂಡ್ಯದ ಕೋರ್ಟಿಗೆ ಹೋಗಿ ಬೇರೆ ವಕೀಲರನ್ನು ನೋಡಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ಮೊದಲ ದಿನ ಹೇಳಿದ್ದರಲ್ಲಿ ಸಂತೋಷದ ಮಾತು ಒಂದೂ ಇರಲಿಲ್ಲವಂತೆ. ತಲೆಗೆ ಹೆಲ್ಮೆಟ್ ಇರಲಿಲ್ಲ, ಗಾಯ ಕೈಗೆ ಆದದ್ದಾದರೂ ಎದುರಿನವರು ಅದನ್ನು ಎತ್ತುತ್ತಾರೆ. ಮೂರು ನಾಲ್ಕು ವರ್ಷ ಹಿಡಿಯಬಹುದು. ಮಧ್ಯಸ್ಥ ಹೇಳಿದ್ದ ಮೊತ್ತ ಬರುತ್ತದೆಂದು ನಾನು ಹೇಳಲಾರೆ. ವೈದ್ಯರ ಸಾಕ್ಷ್ಯ ನಡೆಸಿ ನನಗೆ ಹೆಚ್ಚು ಅಭ್ಯಾಸವಿಲ್ಲ, ಅದನ್ನು ನಮ್ಮ ಸೀನಿಯರ್ ಮಾಡುತ್ತಾರೆ. ಶುಲ್ಕ ಇಷ್ಟು, ಕಂತಿನಲ್ಲಿ ಕೊಡಿ, ರಶೀದಿ ಕೊಡುತ್ತೇನೆ. ಹಣ ಬಂದರೆ ನಿಮ್ಮ ಖಾತೆಗೇ ಬರುತ್ತದೆ, ನನ್ನ ಕೈಗಲ್ಲ. (2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹಕ್ಕುದಾರರ ಬ್ಯಾಂಕ್ ಖಾತೆಗೆ ನೇರವಾಗಿ ವರ್ಗಾಯಿಸುವಂತೆ ಹೇಳಿದೆ. ಆದರೂ ಮುಂಚೆಯೇ ಸಹಿ ಮಾಡಿಸಿಟ್ಟುಕೊಂಡ ಖಾಲಿ ಚೆಕ್ಕುಗಳ ಕತೆಗಳು ನಮ್ಮ ಕಿವಿಗೆ ಬಿದ್ದಿವೆ.)

‘ಎದೆ ಒಡ್ದೋಯ್ತು ಸಾಬ್ರೇ. ಆದ್ರೂ ಆವಮ್ಮ ಬೆಲ್ಲ ಹೆಂಗ್ ಮಾಡ್ತಾರೆ ಅಂತ ಕೇಳ್ತು. ಯಾರೂ ಕೇಳಿರ್ನಿಲ್ಲ’ ಎಂದರು ಗಾಯಾಳು.

ಆಮೇಲೊಂದು ಭಾನುವಾರ ಆಕೆ ಯಲಿಯೂರಿಗೆ ಬಂದಿದ್ದರು. ನಾವೂ ಇದ್ದೆವು. ಆಲೆಮನೆಯ ಹೊಗೆಯಲ್ಲಿ ಸೀರೆಯ ಸೆರಗು ಮೂಗಿಗೆ ಹಿಡಿದು, ಕೊಪ್ಪರಿಗೆಗೆ ಎಷ್ಟು ಹಿಡಿಯುತ್ತದೆ, ಇಳಿಸಲು ಎಷ್ಟು ಜನ ಬೇಕು, ಯಾವ ಕೈ ಮುಂದೆ ಎಂದೆಲ್ಲ ಕೇಳಿ ಬರೆದುಕೊಂಡರು. ಆ ಕೈಯನ್ನು ಎತ್ತಿ ತೋರಿಸಿ ಎಂದಾಗ ಅವರು ಎತ್ತಿದರು. ಭುಜದ ಮಟ್ಟಕ್ಕೆ ಒಂದು ಗೇಣು ಕೆಳಗೆ ಕೈ ನಿಂತಿತು. ಆಲೆಮನೆಯ ಮಾಲೀಕರು ಸಾಕ್ಷಿಗೆ ಬರಲು ಒಪ್ಪಿದ್ದಾರೆ, ಅರೆಮನಸ್ಸಿನಿಂದ. ಕೂಲಿಯ ಲೆಕ್ಕದ ಪುಸ್ತಕ ತರಬೇಕೆಂದಾಗ ಅವರ ಮುಖ ಸ್ವಲ್ಪ ಬಾಡಿತು. ಕೇಸು ನಡೆಯುತ್ತಿದೆ.

ಹೆಂಡತಿ ಮಾತ್ರ ಇನ್ನೂ ಸಮಾಧಾನವಾಗಿಲ್ಲ. ಫೈಲು ವಾಪಸು ಕೇಳಲು ಹೋದ ದಿನ ಆಕೆ 2,800 ರೂಪಾಯಿಯನ್ನು ಎಣಿಸಿ ಕವರಿನಲ್ಲಿ ಹಾಕಿಕೊಂಡು ಹೋಗಿದ್ದಳು. ಫೈಲನ್ನು ಅವನು ನಾಲ್ಕು ಸಲ ಅಲೆಸಿ ಕೊಟ್ಟ. ದುಡ್ಡನ್ನು ತೆಗೆದುಕೊಳ್ಳಲಿಲ್ಲ. ‘ಅದು ಅವತ್ತಿನ ಕಷ್ಟಕ್ಕೆ ಕೊಟ್ಟಿದ್ದು, ಇಟ್ಕೊಳ್ಳವ್ವ’ ಎಂದನಂತೆ. ಈಗ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ. ಆ ಮಾತು ಸಿಟ್ಟಿನಲ್ಲಿ ಬಂದದ್ದೋ, ಮನಸ್ಸಿನಿಂದ ಬಂದದ್ದೋ ಆಕೆಗೆ ತಿಳಿಯದು, ನಮಗೂ ತಿಳಿಯದು. ಕವರು ಸಾಸಿವೆ ಡಬ್ಬಿಯಲ್ಲಿದೆ. ಎಷ್ಟೋ ಸಲ ಮನೆಯಲ್ಲಿ ಅಕ್ಕಿಗೆ ಸಾಲ ಮಾಡಿದ್ದಾರೆ, ಅದನ್ನು ಮುಟ್ಟಿಲ್ಲ.